ಚಳಿಗಾಲಕ್ಕೆ ವೈನ್ ಕಳ್ಸೋ ಥರ್ಮೋಕೋಲ್ ಬಾಕ್ಸ್: ನಾಲ್ಕು ಸ್ಟಾರ್, ಆದ್ರೆ ಪೂರ್ತಿ ಓದಿ

ಬಾಕ್ಸ್ ಚೆನ್ನಾಗಿದೆ, ತಗೊಳ್ಬೋದು. ಹನ್ನೆರಡು ಬಾಟ್ಲಿ ಹಿಡಿಯೋದು ನಾನು ಬಳಸ್ತಿರೋದು, ಮೇಲೊಂದು ಕೆಳಗೊಂದು ದಪ್ಪ ಥರ್ಮೋಕೋಲ್ ಅಚ್ಚು, ಪ್ರತಿ ಬಾಟ್ಲಿಗೂ ಬೇರೆ ಬೇರೆ ಗೂಡು, ಹೊರಗಡೆ ರಟ್ಟಿನ ಡಬ್ಬ. ತುಂಬಿಸಿ ಟೇಪ್ ಹಾಕಿ ಅಲ್ಲಾಡಿಸಿ ನೋಡಿ, ಒಂಚೂರೂ ಸದ್ದು ಬರಲ್ಲ. ಷಾಂಪೇನ್ ಥರ ಹೊಟ್ಟೆ ದಪ್ಪ ಇರೋ ಬಾಟ್ಲಿ ಮಾತ್ರ ಬಿಗಿಯಾಗುತ್ತೆ, ಒತ್ತಿ ಕೂರಿಸೋಕ್ ಹೋದ್ರೆ ಅಂಚಲ್ಲಿ ಪುಡಿ ಉದುರುತ್ತೆ, ಒಂದು ಸ್ಟಾರ್ ಕಟ್ ಮಾಡಿರೋದು ಅದಕ್ಕೇನೆ.

ಈಗ ಮುಖ್ಯ ವಿಷಯ. ಡಬ್ಬದ ಮೇಲೆ ಚಳಿಗೂ ಸೇಫ್ ಅಂತ ಬರ್ದಿದ್ದಾರೆ ಅಂತ ನಿಶ್ಚಿಂತೆಯಾಗಿ ಕಳಿಸ್ಬೇಡಿ. ಥರ್ಮೋಕೋಲ್‌ಗೆ ಸ್ವಂತ ಶಾಖ ಇಲ್ಲ, ಕಲ್ಲಿಗೆ ಕಂಬಳಿ ಹೊದಿಸಿದ್ರೆ ಕಲ್ಲು ಬೆಚ್ಚಗಾಗುತ್ತಾ? ಅದು ಚಳಿನ ತಡ ಮಾಡುತ್ತೆ ಅಷ್ಟೆ. ಕಳೆದ ಚಳಿಗಾಲದಲ್ಲಿ ಒಂದು ಕೊರಿಯರ್‌ನವರು ವಾರದ ಮೊದಲಲ್ಲೇ ಎತ್ಕೊಂಡು ಹೋಗ್ತೀವಿ ಅಂದಿದ್ರು, ಬಂದಿದ್ದು ಶುಕ್ರವಾರ ಸಂಜೆ, ಬಾಕ್ಸ್ ಶನಿವಾರ ಭಾನುವಾರ ಎರಡೂ ದಿನ ಹೀಟಿಂಗ್ ಇಲ್ದಿರೋ ಗೋಡೌನಲ್ಲಿ ಕೂತಿತ್ತು. ಒಂದು ಬಾಟ್ಲಿನೂ ಒಡೆದಿರ್ಲಿಲ್ಲ, ಆದ್ರೆ ಎರಡು ಬಾಟ್ಲಿ ಕಾರ್ಕ್ ಮೇಲೆದ್ದು ಬಾಯಿಗೆ ಸುತ್ತಿರೋ ಫಾಯಿಲ್ ಉಬ್ಬಿತ್ತು, ಅದರ ಕೆಳಗೆ ಕತ್ತಿನ ಸುತ್ತ ಅಂಟಂಟಾಗಿ ಕೆಂಪು ಗೆರೆ.

ಯಾಕೆ ಹೀಗಾಗುತ್ತೆ ಅಂದ್ರೆ, 12-14% ಆಲ್ಕೋಹಾಲ್ ಇರೋ ಮಾಮೂಲಿ ವೈನು ಮೈನಸ್ 5-6 ಡಿಗ್ರಿ ಸೆಲ್ಸಿಯಸ್ ಹತ್ರ ಹೆಪ್ಪುಗಟ್ಟೋಕೆ ಶುರುವಾಗುತ್ತೆ, ಒಳಗಿನ ನೀರು ಐಸ್ ಆಗ್ತಾ ಸುಮಾರು 9% ಹಿಗ್ಗುತ್ತೆ, ಜಾಗ ಇಲ್ದೆ ಕಾರ್ಕನ್ನ ತಳ್ಳುತ್ತೆ. ಸ್ಕ್ರೂ ಕ್ಯಾಪ್ ಆದ್ರೆ ಸೀಲ್ ಬಿಟ್ಟಿದ್ರೂ ಹೊರಗಿಂದ ಗೊತ್ತಾಗ್ದೇ ಇರ್ಬೋದು. ಷಾಂಪೇನ್ ಥರ ಗುಳ್ಳೆ ಬರೋ ಸ್ಪಾರ್ಕ್ಲಿಂಗ್ ವೈನಲ್ಲಿ ಮೊದ್ಲೇ ಒತ್ತಡ ಜಾಸ್ತಿ, ಬಾಟ್ಲಿನೇ ಒಡೆದು ಹೋಗೋ ಅಪಾಯ ಇದೆ, ಕಡು ಚಳಿಲಿ ಅದನ್ನ ನಾನಂತೂ ಕಳಿಸಲ್ಲ. ಪೋರ್ಟ್ ಅನ್ನೋ ಸ್ಟ್ರಾಂಗ್ ವೈನ್ ಥರ 20% ಆಲ್ಕೋಹಾಲ್ ಇರೋದು ಇನ್ನೂ ಸ್ವಲ್ಪ ಚಳಿ ತಡ್ಕೊಳುತ್ತೆ.

ಬಾಕ್ಸಿಂದ ಪೂರ್ತಿ ಲಾಭ ಬೇಕಾದ್ರೆ ಎಲ್ಲಾ ಗೂಡೂ ತುಂಬಿಸಿ, ಹನ್ನೆರಡು ಬಾಟ್ಲಿ ಒಟ್ಟಿಗಿದ್ರೆ ತಣ್ಣಗಾಗೋಕೆ ತುಂಬಾ ಹೊತ್ತು ಬೇಕು, ಎರಡೇ ಇಟ್ರೆ ಬೇಗ ತಣ್ಣಗಾಗ್ಬಿಡುತ್ತೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ, ಬೇಸಿಗೆಲಿ ಫ್ರೀಜರ್‌ಗೆ ಹಾಕಿ ಇಡ್ತೀವಲ್ಲ ಆ ಜೆಲ್ ಪ್ಯಾಕು, ಅದನ್ನೇ ಚಳಿಗಾಲದಲ್ಲಿ ಫ್ರೀಜ್ ಮಾಡ್ದೆ ರೂಮಲ್ಲಿದ್ದ ಹಾಗೇ ಬಾಕ್ಸೊಳಗಿಡಿ. ಅದರಲ್ಲಿರೋದು ಹೆಚ್ಚುಕಮ್ಮಿ ನೀರೇ, ಸೊನ್ನೆ ಡಿಗ್ರಿ ಹತ್ರ ಗಟ್ಟಿಯಾಗ್ತಾ ಶಾಖ ಬಿಡುತ್ತೆ, ಅದು ಪೂರ್ತಿ ಗಟ್ಟಿ ಆಗೋವರೆಗೂ ಪಕ್ಕದ ವೈನು ಅಷ್ಟು ಸುಲಭವಾಗಿ ಮೈನಸ್ ಐದಕ್ಕೆ ಇಳಿಯಲ್ಲ.

ಆದ್ರೂ ನನ್ನ ಕೇಳಿದ್ರೆ ಬಾಕ್ಸಿಗಿಂತ ಕಳ್ಸೋ ದಿನ ಮುಖ್ಯ. ಸೋಮವಾರ ಕಳ್ಸಿ, ವಾರಾಂತ್ಯ ಮಧ್ಯೆ ಬರ್ಬಾರ್ದು. ತಲುಪೋ ಊರಿನ ಹವಾಮಾನ ಒಂದೇ ಅಲ್ಲ, ಬಾಕ್ಸ್ ರಾತ್ರಿ ಎಲ್ಲಿ ನಿಲ್ಲುತ್ತೋ ಅಲ್ಲಿದೂ ನೋಡಿ. ವಯಸ್ಸಿನ ಪುರಾವೆ ನೋಡಿ ಸೈನ್ ಹಾಕಿಸ್ಕೊಂಡೇ ಕೊಡೋ ಕಡೆ ಮನೇಲಿ ಯಾರೂ ಇಲ್ಲ ಅಂದ್ರೆ ಬಾಕ್ಸ್ ವಾಪಸ್ ವ್ಯಾನ್ ಹತ್ತುತ್ತೆ, ಇನ್ನೊಂದು ರಾತ್ರಿ ಚಳಿಲಿ. ಕೊರಿಯರ್ ಕೌಂಟರಲ್ಲೇ ಇಟ್ಕೊಳ್ಳಿ ಅಂತ ಹೇಳಿ ಹೋಗಿ ತಗೊಂಡ್ರೆ ಆ ಕಾಟನೇ ಇಲ್ಲ. ಅಂಗಡಿಯವರು ಚಳಿ ಕಮ್ಮಿ ಆದ್ಮೇಲೆ ಕಳಿಸ್ತೀವಿ ಅಂದ್ರೆ ಖುಷಿಯಾಗಿ ಒಪ್ಕೊಳ್ಳಿ.

ಬಾಕ್ಸ್ ಬಂದ್ಮೇಲೆ ಕಾರ್ಕಿಗೆ ಅಂಟಿಕೊಂಡು ಅಥವಾ ತಳದಲ್ಲಿ ಸಕ್ಕರೆ ಹರಳಿನ ಥರ ಕಂಡ್ರೆ ಗಾಬರಿ ಬೇಡ, ಅದು ವೈನಿನದೇ ಟಾರ್ಟಾರಿಕ್ ಆಸಿಡ್ಡಿನ ಉಪ್ಪು, ಗಾಜಲ್ಲ, ಏನೂ ಮಾಡಲ್ಲ. ಹೆಪ್ಪುಗಟ್ಟಿದ್ರೆ ಹೀಟರ್ ಮುಂದೆ ಇಡ್ಬೇಡಿ, ನೆಟ್ಟಗೆ ನಿಲ್ಲಿಸಿ ಫ್ರಿಜ್ಜಲ್ಲಿ ನಿಧಾನಕ್ಕೆ ಕರಗಲಿ. ಕಾರ್ಕ್ ಎದ್ದಿರೋದನ್ನ ಮಾತ್ರ ವರ್ಷಗಟ್ಲೆ ಎತ್ತಿಡೋ ಯೋಚನೆ ಬಿಟ್ಟು ಬೇಗ ಕುಡಿದು ಮುಗಿಸಿ.