ಹೂವು ಬಂತು, ಕತ್ತಲು ಬರಲಿಲ್ಲ: ಹುಬ್ಬಳ್ಳಿಯಲ್ಲಿ ತೆಗೆಸಿದ ಒಂದು ಕ್ಯಾನ್ವಾಸ್ ಪ್ರಿಂಟ್

ಡಚ್ ಚಿತ್ರಕಲಾವಿದೆ ರಾಖೆಲ್ ರೌಸ್ (1664–1750) 1716ರಲ್ಲಿ ಬರೆದ, ಅಮೃತಶಿಲೆಯ ಮೇಜಿನ ಮೇಲಿನ ಹೂಗಳ ಚಿತ್ರ ಇದು. ಮೂಲ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿದೆ, ಅಳತೆ 48.5 x 39.5 ಸೆಂ.ಮೀ. ದೊಡ್ಡ ಫೈಲನ್ನು ಮ್ಯೂಸಿಯಂ ಪುಕ್ಕಟೆಯಾಗಿ ಕೊಡುತ್ತದೆ. ಪ್ರಿಂಟ್ ಆಗಿದ್ದು ಹುಬ್ಬಳ್ಳಿಯ ಒಂದು ಫ್ಲೆಕ್ಸ್-ಕ್ಯಾನ್ವಾಸ್ ಅಂಗಡಿಯಲ್ಲಿ, ಮೂಲದ ಅಳತೆಯಲ್ಲೇ.

ದಳಗಳು ಛಲೋ ಬಂದಿವೆ. ಬಿಳಿ, ತಿಳಿಗುಲಾಬಿ ಬಣ್ಣಗಳಿಗೆ ಹೆಸರಿಡುವ ಹಾಗಿಲ್ಲ. ಕೆಟ್ಟಿದ್ದು ಚಿತ್ರದ ಹಿಂಬದಿಯ ಕತ್ತಲು. ರೌಸ್ ಅವರ ತಂದೆ ಫ್ರೆಡೆರಿಕ್ ಅಂಗರಚನೆ, ಸಸ್ಯಶಾಸ್ತ್ರ ಬಲ್ಲವರು. ಮನೆ ತುಂಬ ಗಿಡ, ಕೀಟಗಳ ಸಂಗ್ರಹ. ಮಗಳು 15ನೇ ವಯಸ್ಸಿಗೆ ವಿಲ್ಲೆಮ್ ವಾನ್ ಆಲ್ಸ್ಟ್ ಅವರಲ್ಲಿ ಕಲಿಯಲು ಸೇರಿದರು. 10 ಮಕ್ಕಳನ್ನು ಹೆತ್ತು, 80 ದಾಟಿದ ಮೇಲೂ ಕುಂಚ ಬಿಡಲಿಲ್ಲ. ಅಂಥ ಕಣ್ಣು ಕಂಡ ಎಲೆ, ದೇಟು, ಹುಳಗಳಲ್ಲಿ ಎಷ್ಟೋ ಅರೆಗತ್ತಲಲ್ಲೇ ಇರುತ್ತವೆ. ಹೂಗೊಂಚಲಿಗೆ ಆಳ ಬರುವುದೇ ಅವುಗಳಿಂದ. ಈ ಪ್ರಿಂಟ್‌ನಲ್ಲಿ ಅವೆಲ್ಲ ಒಂದೇ ಕಪ್ಪಾಗಿ ಕಲೆತುಹೋಗಿವೆ.

ಕಾರಣ ಎರಡು. ಮ್ಯಾಟ್ (ಹೊಳಪಿಲ್ಲದ) ಕ್ಯಾನ್ವಾಸ್ ಶಾಯಿ ಹೀರಿಕೊಂಡು ಗಾಢ ಬಣ್ಣಗಳ ನಡುವಿನ ವ್ಯತ್ಯಾಸವನ್ನು ನುಂಗುತ್ತದೆ. ಮೇಲಾಗಿ ಅಂಗಡಿಯವರು ಫ್ಲೆಕ್ಸಿಗೆ ಮಾಡುವಂತೆ ಕಾಂಟ್ರಾಸ್ಟ್ (ತಿಳಿ-ಗಾಢಗಳ ಅಂತರ) ಏರಿಸಿದ್ದರು. ಬ್ಯಾನರಿಗೆ ಅದು ಸರಿ, ಇದಕ್ಕೆ ಸಲ್ಲ. ಕಾಂಟ್ರಾಸ್ಟ್ ಏರಿಸಬೇಡಿ ಎಂದು ಮೊದಲೇ ಹೇಳಿ, ಗಾಢ ಭಾಗವನ್ನಷ್ಟೇ ತುಸು ತಿಳಿ ಮಾಡಿಸಬೇಕು. ಇಡೀ ಚಿತ್ರ ತೆಗೆಯುವ ಮೊದಲು 4 x 6 ಇಂಚಿನ ತುಂಡೊಂದನ್ನು ಅದೇ ಕ್ಯಾನ್ವಾಸಿನ ಮೇಲೆ ತೆಗೆಸಿ. ಅದರಲ್ಲಿ ಒಂದು ಬಿಳಿ ದಳವೂ ಅತಿ ಕಪ್ಪು ಮೂಲೆಯೂ ಇರಲಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿ ಒಪ್ಪಬೇಡಿ, ಹೊರಗೆ ಹಗಲ ಬೆಳಕಿಗೆ ಹಿಡಿಯಿರಿ.

ಫೈಲನ್ನು ಪೆನ್‌ಡ್ರೈವ್‌ನಲ್ಲೇ ಒಯ್ಯಿರಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಕುಗ್ಗುತ್ತದೆ. ಇಂಚಿಗೆ 200 ಚುಕ್ಕೆಯಂತೆ ಈ ಅಳತೆಗೆ ಸುಮಾರು 3100 x 3800 ಪಿಕ್ಸೆಲ್ ಸಾಕು. ಚೌಕಟ್ಟಿಗೆ ಸುತ್ತಿ ಮಡಚಲು ನಾಲ್ಕೂ ಬದಿಗೆ 2 ಇಂಚು ಕ್ಯಾನ್ವಾಸ್ ಹೆಚ್ಚು ಬಿಡಲು ಹೇಳಿ. ಇಲ್ಲಿ ಅದನ್ನು ಬಿಡದೆ ಚಿತ್ರವನ್ನೇ ಮಡಚಿದ್ದರಿಂದ ಅಂಚಿನ ಎಲೆಗಳು ಪಕ್ಕಕ್ಕೆ ಹೋಗಿವೆ.

ಕಟ್ಟಿಗೆಯ ಕೆಲಸ ಮಾತ್ರ ಚೊಕ್ಕ. ಮೂಲೆಗಳು ಬರೋಬ್ಬರಿ ಕೂತಿವೆ, ಪಿನ್ನುಗಳು ಒತ್ತಾಗಿವೆ. ಆದರೆ ಮೂಲೆಗೆ ಬೆಣೆ ಕೊಟ್ಟಿಲ್ಲ. ಧಾರವಾಡದ ಮಳೆಗಾಲದ ತೇವಕ್ಕೆ ಕ್ಯಾನ್ವಾಸ್ ಸಡಿಲಾದಾಗ ಬಿಗಿ ಮಾಡುವುದು ಆ ಬೆಣೆಗಳಿಂದಲೇ. ಒಟ್ಟು 8 ಬೇಕು, ಕೇಳಿ ಹಾಕಿಸಿಕೊಳ್ಳಿ.