ಒಂದೇ ರಿಸೀವರ್‌ಗೆ ಆರು ಸ್ಪೀಕರ್ ಸಿಕ್ಕಿಸೋ ಮುಂಚೆ ಇದನ್ನೊಮ್ಮೆ ಓದಿ

ಮಂಡ್ಯದ ಗುತ್ತಲು ರಸ್ತೆ ಕಡೆ ಮನೆ ಕಟ್ಟಿಸಿದಾಗ ನನಗಿದ್ದದ್ದು ಒಂದೇ ಚಪಲ. ಹಾಲ್‌ನಲ್ಲಿ ಹಾಕಿದ ಹಾಡು ಅಡುಗೆಮನೆಗೂ ಕೇಳಬೇಕು, ತಾರಸಿಗೂ ಕೇಳಬೇಕು. ಹಾಲ್‌ನಲ್ಲಿ 6 ಓಮ್‌ನ ಒಂದು ಜೊತೆ ಟವರ್ ಸ್ಪೀಕರ್ ಇತ್ತು. ಅಡುಗೆಮನೆಗೆ 8 ಓಮ್‌ನ ಹಳೇ ಜೊತೆ, ತಾರಸಿಗೆ ಕಾರಿನಿಂದ ಬಿಚ್ಚಿಟ್ಟಿದ್ದ 4 ಓಮ್‌ನವು. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡೋ ತಡೆ, ಅದು ಕಮ್ಮಿಯಾದಷ್ಟೂ ಕರೆಂಟು ಜಾಸ್ತಿ ಹರಿಯುತ್ತೆ. ಇವೆಲ್ಲವನ್ನೂ ನುಡಿಸಬೇಕಾದ ಸೆಟ್ಟು, ಅಂದರೆ ರಿಸೀವರ್, ಮಾತ್ರ ಒಂದೇ.

ವೈರಿಂಗ್‌ಗೆ ಬಂದವನು ಜಾತ್ರೆ, ಮದುವೆಗಳಿಗೆ ಮೈಕ್ ಸೆಟ್ ಹಾಕುವ ಹುಡುಗ. ಕೆಲಸದಲ್ಲಿ ಚುರುಕು. 'ಒಂದೇ ಲೈನಿಗೆ ಇಪ್ಪತ್ತು ಹಾರನ್ ಹಾಕ್ತೀವಿ ಸಾರ್, ಇದ್ಯಾವ ಮಹಾ' ಅಂದ. ಮೂರೂ ಕಡೆಯ ವೈರು ಒಟ್ಟಿಗೆ ಹೊಸೆದು ಒಂದೇ ಟರ್ಮಿನಲ್‌ಗೆ ತುರುಕಿದ. ಎರಡು ವಾರ ಬೆಳಗಿನ ಸುಪ್ರಭಾತ ಮನೆಯೆಲ್ಲಾ ಚೆನ್ನಾಗೇ ಕೇಳಿಸ್ತು. ಮೋಸ ಹೋಗೋದು ಇಲ್ಲೇ. ಸಣ್ಣ ದನಿಯಲ್ಲಿ ಇಂಥ ತಪ್ಪು ವೈರಿಂಗ್ ಸಿಕ್ಕಿಬೀಳಲ್ಲ.

ಗೃಹಪ್ರವೇಶದ ಸಂಜೆ ನೆಂಟರ ಗದ್ದಲದಲ್ಲಿ ವಾಲ್ಯೂಮ್ ಏರಿಸಿದೆ. ಎರಡನೇ ಹಾಡಿಗೆ ಒಳಗಿಂದ 'ಟಕ್' ಅಂತ ಸದ್ದು, ಎಲ್ಲಾ ಮೌನ. ಅಪಾಯ ಕಂಡಾಗ ಸ್ಪೀಕರ್ ಲೈನ್ ಕಡಿಯೋ ಒಳಗಿನ ಸ್ವಿಚ್ಚು, ರಿಲೇ, ಬಿಟ್ಟುಕೊಂಡಿತ್ತು, ಅಂದರೆ ಸೆಟ್ಟು ತನ್ನನ್ನು ತಾನೇ ಉಳಿಸಿಕೊಳ್ಳೋಕೆ ನೋಡ್ತಿತ್ತು. ನಾನು ಬುದ್ಧಿವಂತ, ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಟಕ್. ಮತ್ತೆ ಆನ್. ಪಕ್ಕಕ್ಕೆ ಟೇಬಲ್ ಫ್ಯಾನ್ ಬೇರೆ ಇಟ್ಟೆ. ಐದನೇ ಸಲಕ್ಕೆ ಸುಟ್ಟ ವಾಸನೆ ಬಂತು, ಎಡಗಡೆ ಚಾನೆಲ್ ಸತ್ತಿತ್ತು.

ಮೈಸೂರಿನ ರಿಪೇರಿಯವರು ಮುಚ್ಚಳ ಬಿಚ್ಚಿ, ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿದೆ ಅಂತ ತೋರಿಸಿ, ಬಿಲ್ ಹಾಳೆಯ ಹಿಂದೆ ಲೆಕ್ಕ ಬರೆದರು. ಪ್ಯಾರಲಲ್‌ನಲ್ಲಿ, ಅಂದರೆ ಹೀಗೆ ಎಲ್ಲಾ ವೈರು ಒಂದೇ ಟರ್ಮಿನಲ್‌ಗೆ ಹಾಕಿದಾಗ, 6ಕ್ಕೆ 8 ಸೇರಿದರೆ ಸುಮಾರು 3.4 ಓಮ್. ಅದಕ್ಕೆ 4 ಸೇರಿದರೆ 1.85. ಆಮೇಲೆ ಸೆಟ್ ತಿರುಗಿಸಿ ಟರ್ಮಿನಲ್ ಪಕ್ಕದ ಸಣ್ಣಕ್ಷರದ ಮೇಲೆ ಬೆರಳಿಟ್ಟರು: ಕನಿಷ್ಠ 6 ಓಮ್. ನಾಲೆಗೆ ಒಂದು ತೂಬು ಇರಬೇಕಾದ ಕಡೆ ಮೂರು ತೂಬು ತೆಗೆದ ಹಾಗೆ ಕರೆಂಟು ಮೂರು ಪಟ್ಟಿಗೂ ಮೇಲೆ ಹರಿದಿತ್ತು.

ಹಾಗಾದ್ರೆ ಜಾತ್ರೆಯ ಇಪ್ಪತ್ತು ಹಾರನ್? ಅದು 100 ವೋಲ್ಟ್ ಲೈನ್. ಒಂದೊಂದು ಹಾರನ್‌ಗೂ ಟ್ರಾನ್ಸ್‌ಫಾರ್ಮರ್ ಇದ್ದು, ತನ್ನ ಪಾಲಿನ ವ್ಯಾಟ್ ಮಾತ್ರ ಎಳೆಯುತ್ತೆ. ಒಟ್ಟು ವ್ಯಾಟ್ ಆಂಪ್ಲಿಫೈರ್ ಮೀರದಿದ್ದರೆ ಎಷ್ಟಾದರೂ ಹಾಕಬಹುದು. ಮನೆಯ ಸ್ಪೀಕರ್‌ಗೆ ಆ ಟ್ರಾನ್ಸ್‌ಫಾರ್ಮರ್ ಇಲ್ಲ. ಹುಡುಗನ ವಿದ್ಯೆ ಸುಳ್ಳಲ್ಲ, ಜಾಗ ತಪ್ಪಿತ್ತು ಅಷ್ಟೇ.

ಸೆಟ್ ವಾಪಸ್ ಬಂದ ಮೇಲೆ ಸೀರೀಸ್‌ನಲ್ಲೂ, ಅಂದರೆ ಒಂದರ ಹಿಂದೆ ಒಂದು ಜೋಡಿಸಿಯೂ, ನೋಡಿದೆ. 6 ಮತ್ತು 8 ಸೇರಿ 14 ಓಮ್, ಸೆಟ್ಟಿಗೆ ಅಪಾಯವಿಲ್ಲ. ಆದರೆ ಬೇರೆ ಬೇರೆ ಜಾತಿಯ ಸ್ಪೀಕರ್‌ಗಳು ಸೀರೀಸ್‌ನಲ್ಲಿ ಒಂದರ ದನಿ ಇನ್ನೊಂದು ಕೆಡಿಸುತ್ತವೆ. ನನ್ನ ಟವರ್‌ಗಳ ಮೃದಂಗ ರಟ್ಟಿನ ಪೆಟ್ಟಿಗೆ ಬಡಿದ ಹಾಗಾಯಿತು. ಬಿಚ್ಚಿಹಾಕಿದೆ.

ಎರಡು ಜೊತೆ ಸ್ಪೀಕರ್‌ಗೆ ಎ, ಬಿ ಅಂತ ಎರಡು ಬಟನ್ ಇರುವ ಸೆಟ್ಟಿನವರೂ ನಿಶ್ಚಿಂತೆಯಿಂದ ಇರಬೇಡಿ. ಎರಡೂ ಒತ್ತಿದರೆ ಎಷ್ಟೋ ಸೆಟ್‌ಗಳಲ್ಲಿ ಒಳಗೆ ಆಗೋದು ಅದೇ ಪ್ಯಾರಲಲ್. ಎರಡೂ ಒಟ್ಟಿಗೆ ಆದರೆ ಪ್ರತಿ ಸ್ಪೀಕರ್ ಎಷ್ಟು ಓಮ್ ಇರಬೇಕು ಅಂತ ಸಾಮಾನ್ಯವಾಗಿ ಸೆಟ್ಟಿನ ಹಿಂದೆಯೇ ಬರೆದಿರುತ್ತೆ. ಸ್ಪೀಕರಿನ ಓಮ್ ಅಳೆಯೋಕೆ ಮಲ್ಟಿಮೀಟರ್ ಹಿಡಿದರೆ 8 ಓಮ್ ಸ್ಪೀಕರ್ 6ರ ಆಸುಪಾಸು ತೋರಿಸುತ್ತೆ, ಅದು ಕೆಟ್ಟಿಲ್ಲ.

ಪೈಪ್ ಒಳಗೆ ಇನ್ನೊಂದು ಘನಕಾರ್ಯ ಸಿಕ್ತು: ಟೆಲಿಫೋನ್ ವೈರಿನಷ್ಟು ತೆಳು ವೈರ್, ತಾರಸಿವರೆಗೆ 20 ಮೀಟರ್. ಹೋಗಿ ಬರೋಕೆ 40 ಮೀಟರ್, ವೈರೇ 3 ಓಮ್‌ಗೂ ಮೇಲೆ ನುಂಗುತ್ತೆ. 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆಸಿದರೆ ಅದು ಅರ್ಧ ಓಮ್‌ಗೆ ಇಳಿಯಿತು. ಅಡುಗೆಮನೆಯ ಒಂದು ಸ್ಪೀಕರ್ ಪ್ಲಸ್ ಮೈನಸ್ ಅದಲುಬದಲಾಗಿ ಬೇಸ್ ಸತ್ತಿದ್ದೂ ಆಗಲೇ ಗೊತ್ತಾಗಿದ್ದು. ವೈರು ಸೆಟ್‌ನಿಂದ ಬಿಚ್ಚಿ, 1.5 ವೋಲ್ಟ್ ಸೆಲ್ ಒಂದು ಕ್ಷಣ ತಾಗಿಸಿ ನೋಡಿ. ಸೆಲ್ಲಿನ ಪ್ಲಸ್ ಸ್ಪೀಕರಿನ ಪ್ಲಸ್‌ಗೆ ತಾಗಿದರೆ ಕೋನ್ ಮುಂದಕ್ಕೆ ಉಬ್ಬುತ್ತೆ.

ಈಗ ಹಾಲ್‌ನ ಜೊತೆ ಮಾತ್ರ ರಿಸೀವರ್‌ಗೆ. ಅದರ ಹಿಂದೆ ಬರೀ ಸಣ್ಣ ಸಿಗ್ನಲ್ ಕೊಡೋ ಪ್ರೀ ಔಟ್‌ನಿಂದ ಒಂದು ಸಣ್ಣ ಆಂಪ್ಲಿಫೈರ್‌ಗೆ ಲೈನ್ ಕೊಟ್ಟು ಅಡುಗೆಮನೆ ನಡೆಸ್ತಿದ್ದೀನಿ. ಕಾರಿನ ಸ್ಪೀಕರ್‌ಗಳು ತಾರಸಿ ಗೋಡೆಯಲ್ಲಿ ಬಾಯಿ ಕಟ್ಟಿಕೊಂಡು ನೇತಾಡ್ತಿವೆ. ರಿಪೇರಿಗೆ ತೆತ್ತ 4,800 ರೂಪಾಯಿಯಲ್ಲಿ ಅವಕ್ಕೂ ಒಂದು ಆಂಪ್ಲಿಫೈರ್ ಬರ್ತಿತ್ತು ಅಂತ ಹೆಂಡತಿ ಇವತ್ತೂ ಲೆಕ್ಕ ಒಪ್ಪಿಸಿದಳು.