ಬೋಟಿನ ಇಂಜಿನ್‌ಗೆ ಸೂಪರ್‌ಚಾರ್ಜರ್ ಹಾಕಿಸುವ ಮೊದಲು ಇದನ್ನು ಓದಿ

ಕಾರವಾರ, ಗೋಕರ್ಣ, ಮುರ್ಡೇಶ್ವರ ಕಡೆ ಪೆಟ್ರೋಲ್ ಸ್ಪೀಡ್ ಬೋಟ್ ಇಟ್ಟುಕೊಂಡವರು ಯಾರೇ ಇರಲಿ, ದಯವಿಟ್ಟು ಪೂರ್ತಿ ಓದಿ. ನನ್ನ 3 ಲಕ್ಷ 85 ಸಾವಿರ ಹೋಯಿತು. ಇಂಜಿನ್ ಹೋಯಿತು. ಸೀಸನ್ನೂ ಹೋಯಿತು. ಹೇಳಿಕೊಳ್ಳಲು ನಾಚಿಕೆ ಆಗುತ್ತದೆ. ಮನೆಯಲ್ಲಿ ಪೂರ್ತಿ ಲೆಕ್ಕ ಒಪ್ಪಿಸಿದ್ದೇ ಮೊನ್ನೆ. ಆದರೂ ಬರೆಯಲೇಬೇಕು.

ನನ್ನದು ಸೆಕೆಂಡ್ ಹ್ಯಾಂಡ್ ಬೋಟ್. ಒಳಗೆ 454 ಬಿಗ್ ಬ್ಲಾಕ್, ಅಂದರೆ 7.4 ಲೀಟರಿನ, ಎಂಟು ಸಿಲಿಂಡರಿನ ವಿ8 ಇಂಜಿನ್. ಖಾಲಿ ಇದ್ದಾಗ ಚೆನ್ನಾಗಿ ಓಡುತ್ತಿತ್ತು. ಎಂಟು ಜನ ಕೂತರೆ ಮೂತಿ ಮೇಲೆತ್ತಿಕೊಂಡು ನೀರು ತಳ್ಳುತ್ತಾ ಹೋಗುತ್ತಿತ್ತು, ನೀರಿನ ಮೇಲೆ ಏಳುತ್ತಲೇ ಇರಲಿಲ್ಲ. ಪೂರ್ತಿ ಥ್ರಾಟಲ್ ಕೊಟ್ಟರೂ 3600 ಆರ್‌ಪಿಎಂ ದಾಟುತ್ತಿರಲಿಲ್ಲ. ಇಂಜಿನ್‌ಗೆ ಶಕ್ತಿ ಸಾಲದು ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಅಲ್ಲೇ ತಪ್ಪಿದ್ದು.

ಗಡಿ ಆಚೆಯ ಒಂದು ಗ್ಯಾರೇಜ್. ಹೆಸರು ಬರೆಯುವುದಿಲ್ಲ. ಅವರ ಮಾತು ಹೀಗಿತ್ತು: ಹೊಸ ಮರೈನ್ ಬ್ಲೋವರ್ (ಇದೇ ಸೂಪರ್‌ಚಾರ್ಜರ್, ಇಂಜಿನ್ನಿಗೆ ಒತ್ತಿ ಗಾಳಿ ತುಂಬುವ ಯಂತ್ರ) ಹಾಕುತ್ತೇವೆ, ಗಾಳಿಯ ಒತ್ತಡ ಬರೀ 5 ಪಿಎಸ್‌ಐ ಬೂಸ್ಟ್, ಎಂಟೂ ಪಿಸ್ಟನ್ ಫೋರ್ಜ್ಡ್ (ಎರಕದ್ದಕ್ಕಿಂತ ಗಟ್ಟಿ, ಒತ್ತಿ ಬಡಿದು ಮಾಡಿದ್ದು) ಹಾಕುತ್ತೇವೆ, ಒಂದು ವರ್ಷ ಗ್ಯಾರಂಟಿ. ಫೋರ್ಜ್ಡ್ ಪಿಸ್ಟನ್‌ಗೇ 90 ಸಾವಿರ ಬೇರೆ ತೆಗೆದುಕೊಂಡರು. ಪಿಸ್ಟನ್ ಡಬ್ಬದ ಫೋಟೋ ಕಳಿಸಿದರು. ಡಬ್ಬದ ಫೋಟೋ ಮಾತ್ರ. ಎರಡು ದಿನ ಒಂದೊಂದು ಲಕ್ಷ ಯುಪಿಐ ಮಾಡಿದೆ, ಉಳಿದದ್ದು ಕ್ಯಾಶ್. ಬಿಲ್ ಕೇಳಿದಾಗ "ಕೆಲಸ ಮುಗಿಯಲಿ ಸರ್" ಎಂದರು. ಕೆಲಸ ಮುಗಿದ ಮೇಲೆ ನಾನೂ ಕೇಳಲಿಲ್ಲ. ಬೋಟ್ ಹಾಗೆ ಹಾರುತ್ತಿತ್ತು.

ಹದಿಮೂರು ದಿನ ಹಾರಿತು.

ಹದಿನಾಲ್ಕನೇ ದಿನ ಹುಬ್ಬಳ್ಳಿಯ ಎರಡು ಕುಟುಂಬ ಹತ್ತಿಸಿಕೊಂಡು ಡಾಲ್ಫಿನ್ ತೋರಿಸಲು ಹೊರಟಿದ್ದೆ. ಮೂವರು ಮಕ್ಕಳಿದ್ದರು. ಕೂರ್ಮಗಡ ದ್ವೀಪ ದಾಟುವಷ್ಟರಲ್ಲಿ ತಗಡಿನ ಡಬ್ಬದಲ್ಲಿ ಗೇರುಬೀಜ ಅಲ್ಲಾಡಿಸಿದ ಹಾಗೆ ಸದ್ದು ಶುರುವಾಯಿತು. ಥ್ರಾಟಲ್ ಇಳಿಸುವುದರೊಳಗೆ ಒಂದು ಪೆಟ್ಟು, ಆಮೇಲೆ ನೀಲಿ ಹೊಗೆ. ಇಂಜಿನ್ ನಿಂತಿತು. ಆ ಜಾಗ ನಮ್ಮೂರಿನವರಿಗೆ ಗೊತ್ತು. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಗೆ ಹೋದವರ ದೋಣಿ ಮಗುಚಿದ್ದು ಅದೇ ನೀರಿನಲ್ಲಿ. ನನ್ನ ಕೈ ನಡುಗುತ್ತಿತ್ತು. ಮಕ್ಕಳ ಲೈಫ್ ಜಾಕೆಟ್ ಪಟ್ಟಿ ಮತ್ತೆ ಮತ್ತೆ ಎಳೆದು ನೋಡಿದೆ. ಕೊನೆಗೆ ಒಂದು ಪರ್ಸೀನ್ ಮೀನುಗಾರಿಕೆ ಬೋಟಿನವರು ಹಗ್ಗ ಕೊಟ್ಟು ಬೈತಖೋಲ ಬಂದರಿಗೆ ಎಳೆದು ತಂದರು. ದುಡ್ಡು ಮುಟ್ಟಲಿಲ್ಲ. ಅವರಿಗೆ ಎಷ್ಟು ಹೇಳಿದರೂ ಕಡಿಮೆ.

ಬಂದರಿನಲ್ಲಿ ಹಳೆ ಟಗ್‌ಗಳ ಮೇಲೆ ಕೆಲಸ ಮಾಡಿದ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಅವರನ್ನು ಕರೆದೆ. ಅವರು ಸ್ಪ್ಯಾನರ್ ಕೈಗೆ ತೆಗೆದುಕೊಳ್ಳಲೇ ಇಲ್ಲ. ಟಾರ್ಚ್ ಬಿಟ್ಟು ಸಿಲಿಂಡರ್ ಹೆಡ್ಡಿನ ಬೋಲ್ಟ್ ನೋಡಿದರು. "ಪಿಸ್ಟನ್ ಹೊಸದು ಅಂದ್ರಲ್ಲ? ಈ ಬೋಲ್ಟ್ ಯಾರೂ ಬಿಚ್ಚೇ ಇಲ್ಲ" ಎಂದರು.

ಬಗ್ಗಿ ನೋಡಿದೆ. ಬೋಲ್ಟಿನ ತಲೆಯಿಂದ ಹೆಡ್ಡಿನವರೆಗೆ ಹಳೆ ಕಪ್ಪು ಪೇಂಟ್ ಒಂದೇ ಪದರವಾಗಿ ಹರಿದಿತ್ತು. ಎಲ್ಲೂ ಬಿರುಕಿಲ್ಲ. ಸ್ಪ್ಯಾನರ್ ಕೂತ ಒಂದು ಗೀರಿಲ್ಲ. ಉಪ್ಪುಗಾಳಿಗೆ ಪೇಂಟ್ ಅಲ್ಲಲ್ಲಿ ಗುಳ್ಳೆ ಎದ್ದಿತ್ತು, ಉಗುರು ತಾಗಿಸಿದರೆ ಕೆಳಗೆ ತುಕ್ಕು. ವರ್ಷಗಳ ತುಕ್ಕು. ಹೆಡ್ ಬಿಚ್ಚದೆ ಪಿಸ್ಟನ್ ಹೇಗೆ ಬದಲಾಯಿಸುತ್ತಾರೆ? ಆಗುವುದೇ ಇಲ್ಲ. ಹದಿಮೂರು ದಿನ ದಿನಾ ಬೆಳಿಗ್ಗೆ ಆಯಿಲ್ ನೋಡಲು ಅದೇ ಬೋಲ್ಟಿನ ಪಕ್ಕ ಕೈ ಹಾಕಿದ್ದೇನೆ. ದಿನಾ! 90 ಸಾವಿರ ಕೊಟ್ಟವನು ಒಂದು ಸಲ ಆ ಬೋಲ್ಟ್ ನೋಡಲಿಲ್ಲ.

ಹೆಡ್ ತೆಗೆದರೆ ಹಳೆ ಎರಕದ ಪಿಸ್ಟನ್‌ಗಳೇ. ಒಂದರ ಅಂಚಿನಲ್ಲಿ ಹೆಬ್ಬೆರಳಿನಷ್ಟು ತುಂಡು ಇಲ್ಲ, ಬೆಲ್ಲ ಕಚ್ಚಿ ತೆಗೆದ ಹಾಗೆ. ಬ್ಲೋವರ್ ಅಂತೂ ಹೊಸದಲ್ಲವೇ ಅಲ್ಲ. ಹಳೆ ಜಿಎಂ 6-71 ಡೀಸೆಲ್ ಇಂಜಿನ್ನಿನದು. ಆರು ಸಿಲಿಂಡರ್, ಒಂದೊಂದು 71 ಘನ ಇಂಚು, ಅದಕ್ಕೇ ಆ ಹೆಸರು. ಅಮೆರಿಕದಲ್ಲಿ ಅದನ್ನು ಪೆಟ್ರೋಲ್ ವಿ8 ಮೇಲೆ ಕೂರಿಸುವುದು ಹಳೆಯ ರೂಢಿ, ಅದು ಮೋಸವಲ್ಲ. ಆದರೆ ಬೇರಿಂಗ್, ಸೀಲ್ ಬದಲಾಯಿಸಿ, ಒಳಗೆ ತಿರುಗುವ ರೋಟರಿನ ಸಂದು ಅಳೆದು ಕೂರಿಸಬೇಕು. ಇಲ್ಲಿ ಸುಮ್ನೆ ಬೆಳ್ಳಿ ಬಣ್ಣ ಹೊಡೆದು ಕೂರಿಸಿದ್ದರು. ಒಳಗೆ ರೋಟರ್ ಉಜ್ಜಿ ಉಜ್ಜಿ ಮೀನಿನ ಹುರುಪೆಯಂಥ ಅಲ್ಯೂಮಿನಿಯಂ ಚೂರು ಬಿದ್ದಿತ್ತು.

ಇನ್ನೊಂದು ವಿಷಯ ನೆನೆದರೆ ರಾತ್ರಿ ಈಗಲೂ ನಿದ್ದೆ ಬರುವುದಿಲ್ಲ. ಹಾಕಿದ್ದು ಕಾರಿನ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ). ಮರೈನ್ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಉಕ್ಕಿದರೆ ಇಂಜಿನ್ ಒಳಗೇ ಬೀಳುತ್ತದೆ, ಕಾರಿನದರಲ್ಲಿ ಹೊರಗೆ ಚೆಲ್ಲುತ್ತದೆ. ಕಾರಿನಲ್ಲಿ ಚೆಲ್ಲಿದ್ದು ರಸ್ತೆಗೆ ಹೋಗುತ್ತದೆ. ಬೋಟಿನಲ್ಲಿ ಎಲ್ಲಿಗೆ ಹೋಗಬೇಕು? ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ಮೇಲೆ ಫ್ಲೇಮ್ ಅರೆಸ್ಟರ್, ಅಂದರೆ ಇಂಜಿನ್ನಿನ ಬೆಂಕಿ ಹೊರಗೆ ಬಾರದಂತೆ ತಡೆಯುವ ಜಾಲರಿ, ಇರಲಿಲ್ಲ. ಇದ್ದದ್ದನ್ನು ಬಿಚ್ಚಿ ಹೊಳೆಯುವ ಏರ್ ಫಿಲ್ಟರ್ ಹಾಕಿದ್ದರು, ನಾನು ಅದರ ಫೋಟೋ ಸ್ಟೇಟಸ್‌ಗೆ ಹಾಕಿದ್ದೆ. ಒಂದು ಬ್ಯಾಕ್‌ಫೈರ್ ಆಗಿ ಬೆಂಕಿ ಹೊರಗೆ ಚಿಮ್ಮಿದ್ದರೆ ಆ ಮಕ್ಕಳು...

ಗ್ಯಾರೇಜಿನವರಿಗೆ ಬೋಲ್ಟಿನ ಫೋಟೋ ಕಳಿಸಿದೆ. ಉತ್ತರ: "ಸರ್, ಕೆಲಸ ಆದಮೇಲೆ ನಾವೇ ಪೇಂಟ್ ಹೊಡೆದದ್ದು." ಪೇಂಟ್ ಕೆಳಗಿನ ತುಕ್ಕಿನ ಫೋಟೋ ಕಳಿಸಿದೆ. ಆಗ ಮಾತು ಪೆಟ್ರೋಲಿಗೆ ತಿರುಗಿತು. "ನಿಮ್ಮ ಕಡೆ ಪೆಟ್ರೋಲ್ ಸರಿ ಇಲ್ಲ." ನಾನು ಕೇಳಿದೆ: ಬಂಕಿನಲ್ಲಿ ಈಗ ಇಪ್ಪತ್ತು ಪರ್ಸೆಂಟ್ ಎಥನಾಲ್ ಇದೆ, ಅದು ನಿಮಗೂ ಗೊತ್ತಿತ್ತು ಅಲ್ವಾ? ಎಥನಾಲ್ ಇದ್ದರೆ ಪೆಟ್ರೋಲ್ ಜಾಸ್ತಿ ಬಿಡಬೇಕು, ಬ್ಲೋವರ್ ಇದ್ದರೆ ಇನ್ನೂ ಜಾಸ್ತಿ. ಪೆಟ್ರೋಲ್ ಬಿಡುವ ಜೆಟ್ ದೊಡ್ಡದು ಹಾಕಲಿಲ್ಲ, ಕಿಡಿ ಹಾರುವ ಟೈಮಿಂಗ್ ಹಿಂದೆ ಸರಿಸಲಿಲ್ಲ, ಯಾಕೆ? ಇದಕ್ಕೆ ಉತ್ತರವಿಲ್ಲ. ಎರಡು ದಿನ ಬಿಟ್ಟು ಬಂತು: "ನೀವು ಫುಲ್ ಥ್ರಾಟಲ್‌ನಲ್ಲಿ ಓಡಿಸಿದ್ದೀರಿ. ಗ್ಯಾರಂಟಿ ಬ್ಲೋವರ್‌ಗೆ ಸರ್, ಇಂಜಿನ್‌ಗಲ್ಲ."

ಗ್ಯಾರಂಟಿ ಬ್ಲೋವರ್‌ಗೆ, ಇಂಜಿನ್‌ಗಲ್ಲ. ಸರಿ, ಬ್ಲೋವರ್ ಒಳಗೂ ಉಜ್ಜಿದೆಯಲ್ಲ ಎಂದೆ. "ಇಂಜಿನ್ ಒಡೆದು ಚೂರು ಅದಕ್ಕೆ ಹೋಗಿದೆ, ಹಾಗಾಗಿ ಅದಕ್ಕೂ ಇಲ್ಲ." ಬ್ಲೋವರ್ ಇರುವುದು ಇಂಜಿನ್ನಿನ ಮೇಲೆ, ಗಾಳಿ ಹೋಗುವುದು ಮೇಲಿನಿಂದ ಕೆಳಕ್ಕೆ. ನನ್ನನ್ನು ಏನು ಅಂದುಕೊಂಡಿದ್ದಾರೆ ಇವರು? ಅದಾದ ಮೇಲೆ ಫೋನ್ ಎತ್ತಲಿಲ್ಲ.

ಫುಲ್ ಥ್ರಾಟಲ್ ಮಾತಿಗೆ ಬರುತ್ತೇನೆ. ಬೋಟಿಗೆ ಇಳಿಜಾರು ಅನ್ನುವುದೇ ಇಲ್ಲ. ಲೋಡ್ ಹಾಕಿಕೊಂಡು ದಿನವಿಡೀ ಅರಬೈಲ್ ಘಟ್ಟ ಹತ್ತಿದ ಹಾಗೆ ಅದರ ಕೆಲಸ. ಕಾರಿನಲ್ಲಿ ಹತ್ತು ಸೆಕೆಂಡ್ ಬೂಸ್ಟ್ ತಡೆದುಕೊಳ್ಳುವ ಪಿಸ್ಟನ್ ಇಲ್ಲಿ ಅರ್ಧ ಗಂಟೆ ತಡೆಯುವುದಿಲ್ಲ. ಬೋಟ್ ಕೆಲಸ ಗೊತ್ತು ಎಂದು ದುಡ್ಡು ತೆಗೆದುಕೊಂಡವರಿಗೆ ಇದು ಗೊತ್ತಿರಬೇಕಿತ್ತು.

ಹೊಟ್ಟೆ ಉರಿಯುವುದು ಎಲ್ಲಿ ಅಂದರೆ, ನನ್ನ ಬೋಟಿಗೆ ಬ್ಲೋವರ್ ಬೇಕಾಗಿಯೇ ಇರಲಿಲ್ಲ. ಆ ಹಿರಿಯರು ಪ್ರೊಪೆಲ್ಲರ್ ನೋಡಿದರು. 21 ಪಿಚ್, ಅಂದರೆ ಒಂದು ಸುತ್ತಿಗೆ ಬೋಟನ್ನು 21 ಇಂಚು ಮುಂದೆ ತಳ್ಳುವ ಲೆಕ್ಕ. ಒಬ್ಬರೇ ಹಗುರವಾಗಿ ಓಡುವವರಿಗೆ ಅದು ಸರಿ, ಎಂಟು ಜನರ ಭಾರಕ್ಕಲ್ಲ. ಪಿಚ್ ಒಂದು ಇಂಚು ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ. 17 ಹಾಕಿದ್ದರೆ 3600 ಇದ್ದದ್ದು 4200, 4400 ಮುಟ್ಟುತ್ತಿತ್ತು, ಬೋಟ್ ಮೇಲೆ ಏಳುತ್ತಿತ್ತು. ಒಂದು ಪ್ರೊಪೆಲ್ಲರಿನ ದುಡ್ಡಿನಲ್ಲಿ ಮುಗಿಯುತ್ತಿತ್ತು. ಆ ಗ್ಯಾರೇಜಿನವರೂ ಪ್ರೊಪೆಲ್ಲರ್ ಬಿಚ್ಚಿ ಹಾಕಿದ್ದಾರೆ, ಅದರ ಮೇಲೆ ನಂಬರ್ ಕೊರೆದಿರುತ್ತದೆ. ನೋಡಿ ಸುಮ್ಮನಿದ್ದರು.

ನೀವು ಮೊದಲು ಪ್ರೊಪೆಲ್ಲರ್ ನಂಬರ್ ನೋಡಿ. ಇಂಜಿನ್ ಬಿಚ್ಚಿದಾಗ ಎದುರು ನಿಲ್ಲಿ, ಎಷ್ಟೇ ದೂರ ಇರಲಿ. ಹಳೆ ಪಿಸ್ಟನ್ ಎಂಟನ್ನೂ ಕೈಯಲ್ಲಿ ಹಿಡಿದು ಮನೆಗೆ ತನ್ನಿ. ಗ್ಯಾರಂಟಿ ಯಾವುದಕ್ಕೆ ಅಂತ ಕಾಗದದ ಮೇಲೆ ಬರೆಸಿ. ಡಬ್ಬದ ಫೋಟೋಗೆ ದುಡ್ಡು ಕೊಡಬೇಡಿ.

ಮೊನ್ನೆ ಗುರುವಾರ ಅದೇ ಗ್ಯಾರೇಜಿನಿಂದ ಫೋನ್ ಬಂತು, ಬೇರೆ ನಂಬರಿನಿಂದ. ದುಡ್ಡು ವಾಪಸ್ ಮಾತಲ್ಲ. ಬ್ಲೋವರ್ ಕೊಡ್ತೀರಾ, 40 ಸಾವಿರ ಕೊಡ್ತೇವೆ, ಮಲ್ಪೆ ಕಡೆ ಒಬ್ಬ ಗಿರಾಕಿಗೆ ಅರ್ಜೆಂಟ್ ಬೇಕು ಎಂದರು. ಕೊಡಲಿಲ್ಲ. ಮಲ್ಪೆಯವರೇ, ಅದು ನೀವಾಗಿದ್ದರೆ ಬ್ಲೋವರ್ ನನ್ನ ಮನೆ ಅಂಗಳದಲ್ಲಿ ಟಾರ್ಪಾಲಿನ ಕೆಳಗಿದೆ. ಬಂದು ಒಳಗೆ ಕೈ ಹಾಕಿ ನೋಡಿ.